ಸಾಕುಮಗು, ಸಾಕಿದವರು ಮತ್ತು ಸಮಾಜ

ಹೆತ್ತವರ ಮಡಿಲಲ್ಲಿ ಬೆಳೆಯುವ ಭಾಗ್ಯ ಎಲ್ಲ ಮಕ್ಕಳಿಗೂ ದೊರೆಯುವುದಿಲ್ಲ. ಸಾವು, ರೋಗ, ಕಡುಬಡತನ, ಸೆರೆವಾಸ, ಸಂಸಾರದ ಒಡಕು ಮೊದಲಾದ ಕಾರಣಗಳಿಂದ ಎಷ್ಟೋ ಮಕ್ಕಳು ತಮ್ಮ ಮನೆಯಿಂದ ದೂರವಾಗಬೇಕಾಗುತ್ತದೆ. ಅಂಥ ಮಗುವನ್ನು ಇನ್ನೊಂದು ಕುಟುಂಬವು ಸೇರಿಸಿಕೊಂಡು ಸಲಹುವುದು ನಮ್ಮ ನಾಡಿಗೆ ಹೊಸದಲ್ಲ. ಆದರೆ ಆ ಮಗುವನ್ನೂ ಅದನ್ನು ಸಲಹಿದವರನ್ನೂ ಸಮಾಜವು ಯಾವ ಕಣ್ಣಿನಿಂದ ನೋಡುತ್ತದೆ ಎಂಬುದು ವಿಚಾರಮಾಡಬೇಕಾದ ಪ್ರಶ್ನೆ.

ಈ ಪ್ರಶ್ನೆ ಎಷ್ಟು ಹಳೆಯದೆಂಬುದಕ್ಕೆ ಮಹಾಭಾರತವೇ ಸಾಕ್ಷಿ. ಹಸ್ತಿನಾವತಿಯ ಶಸ್ತ್ರವಿದ್ಯಾ ಪ್ರದರ್ಶನದಲ್ಲಿ ಅರ್ಜುನನಿಗೆ ಸರಿಸಮನಾಗಿ ನಿಂತ ಕರ್ಣನನ್ನು ಕೃಪಾಚಾರ್ಯರು ಕೇಳಿದ್ದು ಅವನ ವಿದ್ಯೆಯನ್ನಲ್ಲ, ಕುಲವನ್ನು. ಅಂಗರಾಜ್ಯದ ಪಟ್ಟಾಭಿಷೇಕವಾದ ಮೇಲೆ ಸಾಕುತಂದೆ ಅಧಿರಥನು ಕೋಲೂರಿಕೊಂಡು ರಂಗಕ್ಕೆ ಬಂದನು. ಕರ್ಣನು ಅಭಿಷೇಕಜಲದಿಂದ ಒದ್ದೆಯಾಗಿದ್ದ ತಲೆಯನ್ನು ಬಾಗಿಸಿ ನಮಸ್ಕರಿಸಿದನು. ಭೀಮನು ಹೀಯಾಳಿಸಿದ್ದು ಆಗಲೇ. ಒಂದೇ ಮಾತಿನಿಂದ ಮಗನಿಗೂ ತಂದೆಗೂ ಅವಮಾನವಾಯಿತು. ಮುಂದೆ ಶ್ರೀಕೃಷ್ಣನು ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನೇ ಮುಂದಿಟ್ಟಾಗಲೂ ಕರ್ಣನು ರಾಧೆ ಮತ್ತು ಅಧಿರಥರ ವಾತ್ಸಲ್ಯವನ್ನು ನೆನೆದು ಅವರನ್ನು ತೊರೆಯಲೊಪ್ಪಲಿಲ್ಲ. ಸಾಕಿದವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದುದು ಸಭೆಯ ದೃಷ್ಟಿಯಲ್ಲಿ.

ದತ್ತಕ ಮತ್ತು ಪೋಷಕತ್ವ

ಇವೆರಡನ್ನೂ ಒಂದೇ ಎಂದು ತಿಳಿಯುವವರುಂಟು. ದತ್ತಕದಲ್ಲಿ ಮಗುವು ಹೊಸ ತಂದೆತಾಯಿಗಳ ಶಾಶ್ವತ ಸಂತಾನವಾಗುತ್ತದೆ. ಪೋಷಕತ್ವದಲ್ಲಿ ಹೆತ್ತವರ ಸಂಬಂಧವು ಕಡಿದುಹೋಗುವುದಿಲ್ಲ. ಮಗುವು ಅಗತ್ಯವಿರುವವರೆಗೆ ಇನ್ನೊಂದು ಮನೆಯ ಆಶ್ರಯದಲ್ಲಿ ಬೆಳೆಯುತ್ತದೆ. 2015ರ ಬಾಲನ್ಯಾಯ ಅಧಿನಿಯಮದ 44ನೆಯ ಕಲಮು ಇದನ್ನು ವಿವರಿಸುತ್ತದೆ. ಕುಟುಂಬದ ಸಾಮರ್ಥ್ಯ, ಉದ್ದೇಶ ಮತ್ತು ಅನುಭವಗಳನ್ನು ನೋಡಿ ಮಕ್ಕಳ ಕಲ್ಯಾಣ ಸಮಿತಿಯು ಮಗುವನ್ನು ಒಪ್ಪಿಸುತ್ತದೆ. ಒಡಹುಟ್ಟಿದವರನ್ನು ಸಾಧ್ಯವಾದಷ್ಟೂ ಒಂದೇ ಮನೆಯಲ್ಲಿ ಇರಿಸಬೇಕು. ಮಗುವಿನ ಹಿತಕ್ಕೆ ಬಾಧಕವಲ್ಲದಿದ್ದರೆ ಹೆತ್ತವರು ಬಂದು ನೋಡಬಹುದು. ಸಮಿತಿಯು ಪ್ರತಿ ತಿಂಗಳೂ ಪರಿಶೀಲಿಸಬೇಕು.

ಹೀಗೆ ಈ ಮಗುವಿಗೆ ಎರಡು ಮನೆಗಳು. ಹೊರಗಿನವರ ಕುತೂಹಲ ಮೊದಲು ಚುಚ್ಚುವುದು ಇಲ್ಲಿಯೇ.

ಭೇದಭಾವದ ಬಗೆಗಳು

ಮೊದಲನೆಯದು ಮಾತಿನ ಭೇದ. "ಯಾರ ಮಗುವೋ ಏನೋ" ಎಂಬ ಉದ್ಗಾರ ಆಡಿದವರಿಗೆ ಹಗುರ, ಕೇಳಿದ ಮಗುವಿಗೆ ಭಾರ. ಎರಡನೆಯದು ಕಾಗದಪತ್ರದ ಭೇದ. ಜನನಪತ್ರ, ವರ್ಗಾವಣೆ ಪತ್ರ, ತಂದೆಯ ಸಹಿ ಇವುಗಳಿಲ್ಲವೆಂದು ಮಗುವನ್ನು ಅಲೆಸುವುದು. ಮೂರನೆಯದು ಮನೆಯೊಳಗಿನ ಭೇದ. ಹಬ್ಬದ ಬಟ್ಟೆಯಲ್ಲಿ, ಊಟದ ಪಂಕ್ತಿಯಲ್ಲಿ, ಮನೆಗೆಲಸದ ಹಂಚಿಕೆಯಲ್ಲಿ ಅದು ಕಾಣುತ್ತದೆ. ಸಾಕುಮಗುವನ್ನು ಸಂಬಳವಿಲ್ಲದ ಆಳಾಗಿ ದುಡಿಸಿಕೊಳ್ಳುವುದಕ್ಕೆ ಪೋಷಕತ್ವವೆಂಬ ಹೆಸರು ಸಲ್ಲದು.

ನಾಲ್ಕನೆಯದು ಸಾಕುವವರ ಮೇಲಿನ ಸಂಶಯ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯು ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿಗಳ ನೆರವನ್ನು ನಿಗದಿಪಡಿಸಿತು. ಇದನ್ನೇ ಹಿಡಿದು "ಹಣಕ್ಕಾಗಿ ಸಾಕುತ್ತಾರೆ" ಎನ್ನುವವರಿದ್ದಾರೆ. ಬೆಳೆಯುವ ಮಗುವಿನ ಅನ್ನ, ಬಟ್ಟೆ, ಔಷಧ, ಪುಸ್ತಕಗಳ ಲೆಕ್ಕ ಬಲ್ಲವರು ಹೀಗೆ ನುಡಿಯಲಾರರು. ಒಂಟಿ ಮಹಿಳೆಯು ಮಗುವನ್ನು ಸಾಕಿದರೆ ಜನರ ಪ್ರಶ್ನೆಗಳು ಇನ್ನೂ ಹರಿತವಾಗುತ್ತವೆ. ಆದರೆ 2024ರ ಮಾದರಿ ಮಾರ್ಗಸೂಚಿಯು ಅವಿವಾಹಿತರು, ವಿಧವೆ ವಿಧುರರು, ವಿಚ್ಛೇದಿತರು ಸಹ ಪೋಷಕರಾಗಬಹುದೆಂದು ಒಪ್ಪಿಕೊಂಡಿತು.

ಕಾನೂನಿನ ರಕ್ಷಣೆ

1989ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು 1992ರಲ್ಲಿ ಸೇರಿತು. ಮಗುವಿನ ಅಥವಾ ಅದರ ಪಾಲಕರ ಸ್ಥಿತಿಗತಿಗಳ ಕಾರಣದಿಂದ ಭೇದಮಾಡಕೂಡದೆಂದು ಅದರ 2ನೆಯ ವಿಧಿ ಹೇಳುತ್ತದೆ. ಮನೆಯಿಂದ ದೂರವಾದ ಮಗುವಿನ ಧರ್ಮ, ಸಂಸ್ಕೃತಿ, ಭಾಷೆಗಳ ಹಿನ್ನೆಲೆಗೆ ಗಮನಕೊಡಬೇಕೆಂದು 20ನೆಯ ವಿಧಿ ವಿಧಿಸುತ್ತದೆ. ನಮ್ಮ ಬಾಲನ್ಯಾಯ ಅಧಿನಿಯಮದ 3ನೆಯ ಕಲಮಿನ ತತ್ತ್ವಗಳಲ್ಲಿ ಸಮಾನತೆ, ಗೋಪ್ಯತೆ ಮತ್ತು ಕಳಂಕ ಹಚ್ಚುವ ಪದಗಳ ವರ್ಜನೆ ಸೇರಿವೆ. ರಕ್ಷಣೆಯಲ್ಲಿರುವ ಮಗುವಿನ ಹೆಸರು, ವಿಳಾಸ, ಶಾಲೆಗಳನ್ನು ಪತ್ರಿಕೆಗಳಲ್ಲಿ ಬಹಿರಂಗಪಡಿಸುವುದನ್ನು 74ನೆಯ ಕಲಮು ನಿಷೇಧಿಸಿದೆ.

ಶಾಲೆಗೆ ಸಂಬಂಧಿಸಿದಂತೆ 2009ರ ಶಿಕ್ಷಣ ಹಕ್ಕು ಅಧಿನಿಯಮವು ಸ್ಪಷ್ಟವಾಗಿದೆ. ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶವನ್ನು ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂದು ಹಿಂದಿರುಗಿಸುವಂತಿಲ್ಲ.

ಸಾಕುವವರ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ಆಗಸ್ಟ್ 16ರಂದು ಕೊಟ್ಟ ತೀರ್ಪು ಸ್ಮರಣೀಯ. ಪತಿಯ ಮೊದಲ ಮದುವೆಯ ಮಕ್ಕಳಿಗಾಗಿ ಶಿಶುಪಾಲನಾ ರಜೆ ಪಡೆದಿದ್ದ ದಾದಿಯೊಬ್ಬರಿಗೆ, ತಾವು ಹೆತ್ತಾಗ ಹೆರಿಗೆ ರಜೆ ನಿರಾಕೃತವಾಗಿತ್ತು. ನ್ಯಾಯಾಲಯವು ಆ ನಿರಾಕರಣೆಯನ್ನು ತಳ್ಳಿಹಾಕಿ, ರೂಢಿಗಿಂತ ಭಿನ್ನವಾದ ಕುಟುಂಬಗಳೂ ಕಾನೂನಿನ ಸಮಾನ ರಕ್ಷಣೆಗೆ ಅರ್ಹವೆಂದು ಎತ್ತಿಹಿಡಿಯಿತು.

ಶಿಕ್ಷಕನ ಹೊಣೆ

ಇಷ್ಟನ್ನೂ ಬರೆಯುವಾಗ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಹಲವು ವರ್ಷಗಳ ಹಿಂದೆ ಪ್ರಗತಿಪತ್ರಕ್ಕೆ ತಂದೆಯ ಸಹಿ ತಾರದ ಬಾಲಕನೊಬ್ಬನನ್ನು ತರಗತಿಯ ಮುಂದೆ ನಿಲ್ಲಿಸಿ ಕಾರಣ ಕೇಳಿದೆ. ಅವನು ತಲೆತಗ್ಗಿಸಿದನು. ಅವನನ್ನು ಸಾಕುತ್ತಿದ್ದ ವೃದ್ಧೆ ಮರುದಿನ ಬಂದು, ಪತ್ರದ ಮೇಲೆ ಹೆಬ್ಬೆರಳಿನ ಗುರುತು ಒತ್ತಿ, "ಇದು ನಡೀತದೇನ್ರಿ ಸರ?" ಎಂದು ಕೇಳಿದಳು. ನನ್ನ ಬಳಿ ಮಾತಿರಲಿಲ್ಲ. ಬಾಲಕನು ವಾರವಿಡೀ ನನ್ನ ಮುಖ ನೋಡಲಿಲ್ಲ. ಏಕಾಂತದಲ್ಲಿ ಕೇಳಬಹುದಾಗಿದ್ದ ಪ್ರಶ್ನೆಯನ್ನು ನಲವತ್ತು ಮಕ್ಕಳ ಮುಂದೆ ಕೇಳಿದ್ದೇ ನನ್ನ ಅಪರಾಧ.

ಆದ್ದರಿಂದ ಶಾಲೆಗಳು ಮಾಡಬಹುದಾದದ್ದು ಸರಳವಾಗಿದೆ. ಅರ್ಜಿಗಳಲ್ಲಿ "ತಂದೆ" ಎಂದಿರುವಲ್ಲಿ "ತಂದೆ, ತಾಯಿ ಅಥವಾ ಪೋಷಕರು" ಎಂದಿರಲಿ. ಪಾಲಕರ ಸಭೆಯಲ್ಲಿ ಸಾಕಿದವರಿಗೂ ಸಮಾನ ಆಸನವಿರಲಿ. ವಾರ್ಷಿಕೋತ್ಸವದ ವೇದಿಕೆಯಲ್ಲಿ "ಅನಾಥ ಬಾಲಕ" ಎಂದು ಕರೆದು ಸಮವಸ್ತ್ರ ಹಂಚುವ ಪರಿಪಾಠ ನಿಲ್ಲಲಿ. ಕೊಡುವುದನ್ನು ಕಚೇರಿಯಲ್ಲಿ ಸದ್ದಿಲ್ಲದೆ ಕೊಡಬಹುದು. ಮಗುವಿಗೆ ಅನ್ಯಾಯವಾಗುತ್ತಿರುವುದು ಕಂಡರೆ 1098 ಸಹಾಯವಾಣಿಗೆ ತಿಳಿಸಲು ಹಿಂಜರಿಯಬಾರದು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಪಕ್ಕದಲ್ಲಿ ಕುಳಿತ ಗೆಳೆಯನ ಮನೆಯ ಕಥೆ ನಿಮಗೆ ತಿಳಿದಿರಬೇಕಾಗಿಲ್ಲ. ಅವನಾಗಿಯೇ ಹೇಳಿದರೆ ಕೇಳಿರಿ, ಕೇಳಿದ್ದನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಿರಿ. ಅಂದು ಆ ಸಭೆಯಲ್ಲಿ ಅಧಿರಥನಿಗೆ ಎದ್ದು ಗೌರವ ತೋರುವವರು ನಾಲ್ವರಿದ್ದಿದ್ದರೂ ಕರ್ಣನ ಮನಸ್ಸಿನ ಗಾಯ ಅಷ್ಟು ಆಳವಾಗುತ್ತಿರಲಿಲ್ಲ.