ಕೆರೆಯ ಜೀವರಾಶಿಯ ರಕ್ಷಣೆಗೆ ಮನೆವಂತಿಗೆಯನ್ನು ಅಂದಾಜು ಮಾಡುವ ಕ್ರಮ

ಕೆರೆಯಿಂದ ಇಷ್ಟು ಎಕರೆಗೆ ನೀರು, ಇಷ್ಟು ಗಾಡಿ ಹೂಳು ಎಂದು ಲೆಕ್ಕ ಹಾಕುವುದು ನಮ್ಮ ಒಕ್ಕಲಿಗರಿಗೆ ತಿಳಿಯದ ಸಂಗತಿಯಲ್ಲ. ಆದರೆ ಅದೇ ಕೆರೆಯ ಕಪ್ಪೆ, ಆಮೆ, ನೀರಹಕ್ಕಿಗಳಿಗೆ ಪೇಟೆಯಲ್ಲಿ ಧಾರಣೆ ಇಲ್ಲ. ಧಾರಣೆ ಇಲ್ಲದ ಮಾತ್ರಕ್ಕೆ ಬೆಲೆಯೂ ಇಲ್ಲವೆಂದು ಎಣಿಸಲಾಗದು. ಅವುಗಳ ರಕ್ಷಣೆಗಾಗಿ ಒಂದೊಂದು ಮನೆಯವರು ಮನಃಪೂರ್ವಕವಾಗಿ ಎಷ್ಟು ಕೊಟ್ಟಾರೆಂದು ಕೇಳಿ ತಿಳಿಯುವ ಕ್ರಮವೊಂದುಂಟು.

ಬಾಳೆಹೊಸೂರಿನ ಸೀಮೆಯವರಿಗೆ ಇದರ ದೃಷ್ಟಾಂತವು ದೂರದಲ್ಲಿಲ್ಲ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯು ನೀರಾವರಿಗಾಗಿ ಕಟ್ಟಿದ್ದು. ವಿಸ್ತಾರವು ಸುಮಾರು 50 ಹೆಕ್ಟೇರು. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಇಲ್ಲಿಗೆ ಬರುತ್ತವೆ. 2024ರಲ್ಲಿ ಈ ಕೆರೆಯು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಈ ಹಕ್ಕಿಗಳು ಮೇಯುವುದು ಸುತ್ತಲಿನ ಹೊಲಗಳಲ್ಲಿ. ನೋಡುವವರಿಗೆ ಸಂತೋಷ, ಹೊಲದವರಿಗೆ ನಷ್ಟ. ಆದ್ದರಿಂದ ಇತರ ಮನೆಗಳವರೊಡನೆ ವಂತಿಗೆಯ ಮಾತನ್ನೂ, ಇಂಥ ಹೊಲದೊಡೆಯರೊಡನೆ ಪರಿಹಾರದ ಮಾತನ್ನೂ ಬೇರೆ ಬೇರೆಯಾಗಿ ಆಡತಕ್ಕದ್ದು.

1989ರಲ್ಲಿ ಅಲಾಸ್ಕಾದ ಕಡಲಿನಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಎಣ್ಣೆ ಚೆಲ್ಲಿ ಅಸಂಖ್ಯ ಜೀವಿಗಳು ನಾಶವಾದುವು. ತರುವಾಯ ಅಮೇರಿಕದಲ್ಲಿ ಕೆನೆತ್ ಆರೋ, ರಾಬರ್ಟ್ ಸೋಲೋ ಎಂಬ ಅರ್ಥಶಾಸ್ತ್ರಜ್ಞರ ನೇತೃತ್ವದ ಮಂಡಳಿಯು ಈ ಕ್ರಮವನ್ನು ಪರಿಶೀಲಿಸಿತು. “ಎಷ್ಟು ಕೊಡುವಿರಿ?” ಎಂದು ಕೇಳುವುದಕ್ಕಿಂತ ಇಂತಿಷ್ಟೆಂದು ಮೊತ್ತವನ್ನು ಹೇಳಿ, ಮನೆಯ ಇತರ ಖರ್ಚುಗಳನ್ನೂ ನೆನಪಿಸಿ, ಹೌದು ಅಥವಾ ಇಲ್ಲವೆಂಬ ಉತ್ತರವನ್ನು ಪಡೆಯುವುದು ಲೇಸೆಂದು 1993ರಲ್ಲಿ ಅದು ತಿಳಿಸಿತು.

400 ಮನೆಗಳ ಊರೆಂದು ಭಾವಿಸೋಣ. ಪಟ್ಟಿಯಲ್ಲಿ ಹತ್ತಕ್ಕೊಂದರಂತೆ 40 ಮನೆಗಳನ್ನಾರಿಸಿ, ಹತ್ತತ್ತರ ನಾಲ್ಕು ಪಾಲು ಮಾಡಿ, ವರ್ಷಕ್ಕೆ 50, 100, 200, 400 ರೂಪಾಯಿಗಳೆಂದು ಒಂದೊಂದು ಪಾಲಿಗೆ ಒಂದೊಂದು ಮೊತ್ತವನ್ನು ಹೇಳಬೇಕು. ಕ್ರಮವಾಗಿ 8, 6, 4, 1 ಮನೆಗಳವರು ಒಪ್ಪಿದರೆನ್ನಿ. ಮೊದಲ 50 ರೂಪಾಯಿಗೆ ಹತ್ತರಲ್ಲಿ ಎಂಟು ಪಾಲು, ಅಂದರೆ 40. ಮುಂದಿನ 50ಕ್ಕೆ 30. ಅದರ ಮುಂದಿನ 100ಕ್ಕೆ 40. ಕಡೆಯ 200ಕ್ಕೆ 20. ಒಟ್ಟು, ಮನೆಯೊಂದಕ್ಕೆ ಸರಾಸರಿ ಕನಿಷ್ಠ 130 ರೂಪಾಯಿ, ಊರಿಗೆ 52,000. ಇದು ಬರಿಯ ಮಾದರಿ ಲೆಕ್ಕ.

ಕೇಳುವ ರೀತಿಯಲ್ಲಿಯೇ ಎಲ್ಲವೂ ನಿಂತಿದೆ. ಚಾವಡಿಯಲ್ಲಿ ನಾಲ್ಕು ಜನರೆದುರು ಗೌಡರೇ ಕೇಳಿದರೆ “ಇಲ್ಲ” ಎನ್ನುವ ಎದೆ ಯಾರಿಗಿದ್ದೀತು? ಅಂಥ ಅಂಕಿಗಳು ಮರ್ಯಾದೆಯ ಅಂಕಿಗಳು, ಮನಸ್ಸಿನವಲ್ಲ. ಪ್ರತಿ ಮನೆಯಲ್ಲಿ, ಹೆಂಗಸರೂ ಇರುವಾಗ, ಊರ ಹಂಗಿಲ್ಲದವರೊಬ್ಬರು ಕೇಳುವುದು ಉತ್ತಮ. ಇಲ್ಲವೆಂದವರನ್ನು ಕಾರಣ ಕೇಳತಕ್ಕದ್ದು. ಕೈಯಲ್ಲಿ ಹಣವಿಲ್ಲದವನ ನಿರಾಕರಣೆ ಬೇರೆ, “ಇದು ಸರಕಾರದ ಕೆಲಸ” ಎನ್ನುವವನದು ಬೇರೆ. ಹಣವಿಲ್ಲದ ಕೂಲಿಕಾರರು ಎರಡು ದಿನ ಹೂಳೆತ್ತಲು ಒಪ್ಪಿದರೆ ಅದನ್ನೂ ಬೇರೊಂದು ಅಂಕಣದಲ್ಲಿ ಬರೆಯಬೇಕು.

ಹೊಲದೊಡೆಯರ ಪರಿಹಾರವೂ ಕೆರೆಯ ಖರ್ಚೂ ಸೇರಿ 52,000ವನ್ನು ಮೀರಿದರೆ, ಕೊರತೆಯನ್ನು ಮನೆಗಳ ಮೇಲೆ ಹೇರಕೂಡದು. ಹಕ್ಕಿಗಳನ್ನು ನೋಡಲು ಹೊರ ಊರುಗಳಿಂದ ಬರುವವರ ಸಂತೋಷವು ಈ ಲೆಕ್ಕದಲ್ಲಿ ಸೇರಿಲ್ಲವಾದ್ದರಿಂದ, ಆ ಪಾಲನ್ನು ಸರಕಾರದಿಂದ ಕೇಳುವುದು ನ್ಯಾಯವೇ. ಮನೆಗಳ ಅಂಕಿಗಳನ್ನು ಅರ್ಜಿಗೆ ಲಗತ್ತಿಸತಕ್ಕದ್ದು.