ಸಾವಾದರೂ ಅಳು ಬರುತ್ತಿಲ್ಲ, ಡಾಕ್ಟ್ರೇ

(ಈ ಸಲ ಆಸ್ಪತ್ರೆಗಳ ಒಳಗಿನಿಂದ ಬಂದ ಪತ್ರಗಳಿಗೆ ನಮ್ಮ ಮನೋವೈದ್ಯರ ಉತ್ತರ)

ಪ್ರಶ್ನೆ: ನಾನು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ರೆಸ್ಪಿರೇಟರಿ ಥೆರಪಿಸ್ಟ್. ರಾತ್ರಿ ಪಾಳಿಯಲ್ಲಿ ಅಷ್ಟೂ ವೆಂಟಿಲೇಟರ್‌ಗಳಿಗೆ ನಾನೊಬ್ಬನೇ. ಸಕ್ಷನ್, ಎಬಿಜಿ ರಕ್ತಪರೀಕ್ಷೆ, ನಿಲ್ಲದ ಅಲಾರಂ, ನಡುವೆ ಕ್ಯಾಶುಯಾಲ್ಟಿಯಿಂದ ಕರೆ. ಈಚೆಗೆ ರೋಗಿ ತೀರಿಕೊಂಡರೆ ಮೊದಲು ತೋಚುವುದು ‘ಒಂದು ಮಶೀನು ಖಾಲಿಯಾಯ್ತು’ ಎಂದು. ಕೆಲ ತಿಂಗಳ ಹಿಂದೆ ದುಡ್ಡು ಮುಗಿದ ಮನೆಯವರು ಸಹಿ ಹಾಕಿ ರೋಗಿಯನ್ನು ಊರಿಗೆ ಕರೆದೊಯ್ದರು. ಆಂಬುಲೆನ್ಸ್‌ನಲ್ಲಿ ದಾರಿಯುದ್ದಕ್ಕೂ ಅಂಬು ಬ್ಯಾಗ್ ಒತ್ತಿದವನು ನಾನು. ಮನೆಯ ಜಗುಲಿಯಲ್ಲಿ ಟ್ಯೂಬ್ ತೆಗೆದವನೂ ನಾನೇ. ಅವತ್ತೂ ಅಳು ಬರಲಿಲ್ಲ. ನಾನು ಕಲ್ಲಾಗಿಬಿಟ್ಟೆನೇ?
– ಹೆಸರು ಬೇಡ, ಮಂಗಳೂರು

ಉತ್ತರ: ನಿಮ್ಮನ್ನು ಹೆಚ್ಚು ಹೆದರಿಸಿರುವುದು ಆ ‘ಮಶೀನು ಖಾಲಿ’ ಎಂಬ ಯೋಚನೆ ಅನ್ನಿಸುತ್ತದೆ. ಅದು ಕ್ರೌರ್ಯವಲ್ಲ. ಕ್ರಿಸ್ಟಿನಾ ಮ್ಯಾಸ್ಲಾಕ್ 1981ರಲ್ಲಿ ಬರ್ನ್‌ಔಟ್ ಅಳೆಯಲು ಮಾಡಿದ ಪ್ರಶ್ನಾವಳಿಯಲ್ಲೇ ಇದಕ್ಕೆ ಜಾಗವಿದೆ: ಮೊದಲು ಬತ್ತಿಹೋಗುವ ಭಾವ, ಜೊತೆಗೆ ರೋಗಿಯನ್ನು ವಸ್ತುವಿನಂತೆ ಕಾಣುವುದು, ಮಾಡಿದ್ದೆಲ್ಲ ವ್ಯರ್ಥ ಅನ್ನಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ತನ್ನ ಪಟ್ಟಿಗೆ ಸೇರಿಸಿದ್ದು ಕಾಯಿಲೆಯಾಗಿ ಅಲ್ಲ, ಕೆಲಸದ ಜಾಗದ ಒತ್ತಡದಿಂದ ಹುಟ್ಟುವ ಸ್ಥಿತಿಯಾಗಿ. ಹಾಗಾಗಿ ಅರ್ಧ ಚೀಟಿಯನ್ನು ನಾನು ನಿಮ್ಮ ಆಸ್ಪತ್ರೆಯ ಹೆಸರಿಗೇ ಬರೆಯಬೇಕು. ರಾತ್ರಿಗೆ ಇನ್ನೊಬ್ಬ ಥೆರಪಿಸ್ಟ್ ಬೇಕು, ಅಷ್ಟೇ.

ಜಗುಲಿಯ ಸಂಗತಿ ಬೇರೆ. ಅದು ದಣಿವಲ್ಲ, ರಜೆ ಹಾಕಿದರೆ ಹೋಗುವುದೂ ಇಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ಕೊಟ್ಟ ಜೊನಾಥನ್ ಶೇ ಎಂಬ ಅಮೆರಿಕದ ಮನೋವೈದ್ಯರು ಇಂಥದ್ದನ್ನು ನೈತಿಕ ಗಾಯ ಎಂದರು. ತಪ್ಪು ಎಂದು ಗೊತ್ತಿರುವುದನ್ನು ನಮ್ಮ ಕೈಯಿಂದಲೇ ಮಾಡಿಸಿದಾಗ ಆಗುವ ಗಾಯ ಅದು. ಚೇತರಿಸಿಕೊಳ್ಳುವ ಭರವಸೆಯೇ ಇಲ್ಲದ ರೋಗಿಗೆ ಜೀವರಕ್ಷಕ ಯಂತ್ರ ನಿಲ್ಲಿಸಲು ಸುಪ್ರೀಂ ಕೋರ್ಟ್ 2018ರಲ್ಲಿ ದಾರಿ ತೋರಿಸಿತು, 2023ರಲ್ಲಿ ಅದನ್ನು ಸರಳಗೊಳಿಸಿತು. ದುಡ್ಡು ಮುಗಿದ ರೋಗಿಯ ಮಾತು ಅಲ್ಲಿಲ್ಲ. ನಿರ್ಧಾರ ನಿಮ್ಮದಾಗಿರಲಿಲ್ಲ, ಕೈ ಮಾತ್ರ ನಿಮ್ಮದಾಗಿತ್ತು. ಇದನ್ನು ಅವತ್ತಿನ ಐಸಿಯು ವೈದ್ಯರೊಡನೆ ಒಮ್ಮೆ ಕೂತು ಮಾತಾಡಿ, ದೂರಲು ಅಲ್ಲ. ಮುಂದೆ ಇಂಥ ಪ್ರಯಾಣಕ್ಕೆ ಒಬ್ಬರನ್ನೇ ಕಳಿಸಬಾರದು, ಜೊತೆಗೆ ಸಿಸ್ಟರ್ ಇರಬೇಕು, ರೋಗಿಗೆ ಉಸಿರುಕಟ್ಟುವ ಸಂಕಟ ಆಗದಂತೆ ಔಷಧಿ ಮೊದಲೇ ಕೊಟ್ಟಿರಬೇಕು ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

ಇನ್ನೊಂದು. ನಿಮ್ಮ ಕಸುಬಿನವರು ರೋಗಿಯನ್ನು ನೋಡುವುದು ಬಾಯಲ್ಲಿ ಟ್ಯೂಬ್ ಇರುವಾಗ. ಅವರು ಎದ್ದು ಕೂತು ಗಂಜಿ ಕುಡಿಯುವುದು ವಾರ್ಡ್‌ನಲ್ಲಿ, ನಿಮ್ಮ ಕಣ್ಣಿಗೆ ಬೀಳದೆ. ವೆಂಟಿಲೇಟರ್‌ನಿಂದ ಬಿಡಿಸಿಕೊಂಡವರನ್ನು ಒಂದೆರಡು ದಿನ ಬಿಟ್ಟು ಮಾತಾಡಿಸಿ ಬನ್ನಿ. ಅವರಿಗೆ ನಿಮ್ಮ ಗುರುತು ಹತ್ತಲಿಕ್ಕಿಲ್ಲ, ಪರವಾಗಿಲ್ಲ.

ರಜೆಯ ದಿನವೂ ಯಾವುದರಲ್ಲೂ ಮನಸ್ಸಿಲ್ಲ, ಎರಡು ವಾರ ಕಳೆದರೂ ಹಾಗೇ ಇದೆ, ಬದುಕೇ ಬೇಡ ಅನ್ನಿಸುತ್ತಿದೆ ಎಂದಾದರೆ ಅದು ಖಿನ್ನತೆಯಿರಬಹುದು. ಅದಕ್ಕೆ ಚಿಕಿತ್ಸೆಯಿದೆ, ತಡಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮಗ ಎಂಡಿ ಓದುತ್ತಿದ್ದಾನೆ. ಫೋನಿನಲ್ಲಿ ಮಾತಾಡುತ್ತಲೇ ನಿದ್ದೆ ಹೋಗುತ್ತಾನೆ. ಬಿಟ್ಟು ಬರ್ತೀನವ್ವಾ ಅಂದ. ಡಾಕ್ಟರಾಗೋದು ಅಂದ್ರ ಸುಮ್ನೇನು ಅಂತ ಗದರಿಸಿದೆ. ತಪ್ಪಾಯಿತೇ?
– ಒಬ್ಬ ತಾಯಿ, ಹಾವೇರಿ

ಉತ್ತರ: ಅಮ್ಮಾ, ಕಿರಿಯ ವೈದ್ಯರ ಕೆಲಸ ವಾರಕ್ಕೆ 48 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ ಹೇಳಿದ್ದು 1992ರಲ್ಲಿ. 2024ರಲ್ಲಿ ರಾಷ್ಟ್ರೀಯ ಕಾರ್ಯಪಡೆಯೊಂದು 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಿತು. ಮೂವತ್ತೆರಡು ವರ್ಷಗಳಲ್ಲಿ ಮಿತಿಯೇ ಮೇಲಕ್ಕೇರಿದೆ! ಮಗ ಸೋಮಾರಿಯಲ್ಲ. ಒಮ್ಮೆ ಹೋಗಿ ಹಾಸ್ಟೆಲ್‌ನಲ್ಲಿ ನೋಡಿ ಬನ್ನಿ, ಬುತ್ತಿ ಕಟ್ಟಿಕೊಂಡೇ ಹೋಗಿ. ಸೀಟು ಬಿಟ್ಟರೆ ಲಕ್ಷಗಟ್ಟಲೆ ಬಾಂಡ್ ಹಣ ಕಟ್ಟಬೇಕಾದೀತೆಂಬ ಹೆದರಿಕೆ ಹಲವರನ್ನು ಒಳಗೊಳಗೇ ತಿನ್ನುತ್ತದೆ. ‘ಅದೆಷ್ಟೇ ಇರಲಿ, ನಿನಗಿಂತ ದೊಡ್ಡದಲ್ಲ’ ಎಂದು ಬಾಯಿಬಿಟ್ಟು ಹೇಳಿ. ಹಾಗೆ ಹೇಳಿಸಿಕೊಂಡ ಎಷ್ಟೋ ಮಂದಿ ಸೀಟು ಬಿಡುವುದೇ ಇಲ್ಲ. ಬಿಟ್ಟರೂ ಆಕಾಶ ಬೀಳುವುದಿಲ್ಲ.

ಪ್ರಶ್ನೆ: ನಮ್ಮ ಆಡಳಿತದವರು ನರ್ಸ್‌ಗಳ ಒತ್ತಡ ನಿವಾರಣೆಗೆಂದು ಯೋಗ ತರಗತಿ ಇಟ್ಟಿದ್ದಾರೆ, ನಮ್ಮ ವಾರದ ರಜೆಯಲ್ಲಿ! ಬರದಿದ್ದರೆ ಕಾರಣ ಬರೆದುಕೊಡಬೇಕು. ಉಪಯೋಗವಿದೆಯೇ?
– ಸ್ಟಾಫ್ ನರ್ಸ್, ಕಲಬುರಗಿ

ಉತ್ತರ: ಯೋಗದ ಮೇಲೆ ನನಗೆ ಜಗಳವಿಲ್ಲ, ರಜೆ ಕಿತ್ತುಕೊಂಡದ್ದರ ಮೇಲೆ ಇದೆ. ನಾಲ್ಕೈದು ಮಂದಿ ಸೇರಿ ಒಂದೇ ಅರ್ಜಿ ಕೊಡಿ: ಡ್ಯೂಟಿ ಪಟ್ಟಿ ತಿಂಗಳ ಮೊದಲೇ ಬರಲಿ, ಸಾಲಾಗಿ ಮೂರಕ್ಕಿಂತ ಹೆಚ್ಚು ನೈಟ್ ಬೇಡ, ಮಧ್ಯಾಹ್ನದ ಪಾಳಿ ಮುಗಿಸಿ ಹೋದವರನ್ನು ಮರುದಿನ ಬೆಳಗಿನ ಪಾಳಿಗೆ ಕರೆಯಬೇಡಿ, ಹ್ಯಾಂಡೋವರ್ ಡ್ಯೂಟಿ ಸಮಯದೊಳಗೇ ಆಗಲಿ. ರೋಗಿಯ ಕಡೆಯವರು ಕೈ ಮಾಡಿದರೆ ನಮ್ಮ ರಾಜ್ಯದ 2009ರ ಕಾಯ್ದೆ ವೈದ್ಯರಿಗಷ್ಟೇ ಅಲ್ಲ, ನಿಮಗೂ ಅನ್ವಯಿಸುತ್ತದೆ, ಅದನ್ನೂ ಸೇರಿಸಿ. ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿ ಇಟ್ಟುಕೊಳ್ಳಿ. ಯೋಗ ತರಗತಿಯನ್ನು ಡ್ಯೂಟಿ ಸಮಯಕ್ಕೆ ಹಾಕಿದರೆ ಅವಶ್ಯ ಹೋಗಿ, ಶವಾಸನದಲ್ಲಿ ನಿದ್ದೆ ಬಂದರೆ ಮಾಡಿಬಿಡಿ.