ಕಣ್ಣು ಉಜ್ಜುವ ಮುನ್ನ ಕೈ ಎಲ್ಲೆಲ್ಲಿ ಹೋಗಿತ್ತು?

2023ರ ಜುಲೈ, ಆಗಸ್ಟ್ ತಿಂಗಳಲ್ಲಿ ಬೆಂಗಳೂರು ಸೇರಿದಂತೆ ಕರ್ನಾಟಕದ ಹಲವೆಡೆ ಕೆಂಗಣ್ಣು ಹರಡಿದ್ದು ನಿಮಗೆ ನೆನಪಿರಬಹುದು. ‘ಮದ್ರಾಸ್ ಐ’ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಆ ದಿನಗಳಲ್ಲಿ ಪೀಣ್ಯದ ನನ್ನ ಕ್ಲಿನಿಕ್‌ಗೆ ಒಂದು ಕುಟುಂಬ ಬಂತು. ಮನೆಯ ಯಜಮಾನರು ಲೇತ್ ಆಪರೇಟರ್. ಮೊದಲು ಅವರಿಗೆ, ಮೂರನೆಯ ದಿನ ಪತ್ನಿಗೆ, ಆಮೇಲೆ ಇಬ್ಬರು ಮಕ್ಕಳಿಗೂ ಕಣ್ಣು ಬಂದಿತ್ತು. ಕಣ್ಣು ಕೆಂಪಗಿದ್ದರೆ ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ. ದಿನಗೂಲಿಯವರಾದ ಅವರಿಗೆ ಎಂಟು ದಿನದ ಕೂಲಿ ಹೋಗಿತ್ತು, ತಿಂಗಳ ಬಾಡಿಗೆ ತಲೆಯ ಮೇಲಿತ್ತು. “ನಾನು ಯಾರ ಕಣ್ಣನ್ನೂ ನೋಡಲಿಲ್ಲ ಹಕೀಮ್ ಸಾಬ್, ಕಪ್ಪು ಕನ್ನಡಕ ಬೇರೆ ಹಾಕಿದ್ದೆ” ಎಂದರು.

ನೋಡಿದರೆ ಕೆಂಗಣ್ಣು ಅಂಟುವುದಿಲ್ಲ. ರೋಗಿ ಕಣ್ಣು ಒರೆಸಿಕೊಂಡ ಕೈಯಿಂದ ಬಾಗಿಲಿನ ಹಿಡಿಕೆ ಮುಟ್ಟುತ್ತಾನೆ, ಅದೇ ಹಿಡಿಕೆಯನ್ನು ನೀವು ಮುಟ್ಟುತ್ತೀರಿ, ಐದು ನಿಮಿಷದ ನಂತರ ನಿಮ್ಮ ಕಣ್ಣು ಉಜ್ಜಿಕೊಳ್ಳುತ್ತೀರಿ. ರೋಗ ಬಂದ ದಾರಿ ಇಷ್ಟೇ. ಕೆಂಗಣ್ಣು ತರುವ ಕೆಲವು ವೈರಸ್‌ಗಳು ಒಣಗಿದ ಪ್ಲಾಸ್ಟಿಕ್ ಮತ್ತು ಲೋಹದ ಮೇಲೆ ಹಲವು ದಿನ ಉಳಿಯಬಲ್ಲವು. ಆದರೆ ಗಾಯವಿಲ್ಲದ ಅಂಗೈ ಚರ್ಮವನ್ನು ದಾಟಿ ಅವು ಒಳಗೆ ಹೋಗಲಾರವು. ಅವುಗಳಿಗೆ ಬೇಕಾದದ್ದು ಕಣ್ಣು, ಮೂಗು, ಬಾಯಿ. ಅಲ್ಲಿಗೆ ಅವುಗಳನ್ನು ತಲುಪಿಸುವವರು ನಾವೇ.

ಆ ಕುಟುಂಬ ಹೋದ ಮೇಲೆ ನನ್ನ ಮೇಜಿನ ಕಡೆ ನೋಡಿದೆ. ರೋಗಿಗಳು ಹೆಸರು ಬರೆಯುವ ರಿಜಿಸ್ಟರ್, ಅದಕ್ಕೆ ದಾರದಿಂದ ಕಟ್ಟಿದ ಒಂದೇ ಪೆನ್ನು. ಒಂದು ವಾರದಿಂದ ಕೆಂಪು ಕಣ್ಣಿನವರೆಲ್ಲ ಹಿಡಿದದ್ದು ಅದೇ ಪೆನ್ನನ್ನು. ನನಗೇ ನಾಚಿಕೆಯಾಯಿತು. ಅಂದಿನಿಂದ ರಿಜಿಸ್ಟರ್ ಬರೆಯುವುದು ನಮ್ಮ ಕಾಂಪೌಂಡರ್ ಮಾತ್ರ.

ಈಗ ನಿಮ್ಮ ಒಂದು ದಿನವನ್ನು ಲೆಕ್ಕ ಹಾಕಿ. ಪಡಿತರ ಅಂಗಡಿಯಲ್ಲಿ ಇಡೀ ಬಡಾವಣೆಯ ಹೆಬ್ಬೆರಳು ಬೀಳುವ ಯಂತ್ರಕ್ಕೆ ನೀವೂ ಹೆಬ್ಬೆರಳು ಒತ್ತುತ್ತೀರಿ. ಎಷ್ಟೋ ಕಾರ್ಖಾನೆಗಳ ಹಾಜರಾತಿಯೂ ಹಾಗೆಯೇ. ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಮೆಟ್ರೊ ಹತ್ತಿದರೆ ಕಂಬ ಹಿಡಿಯಲೇಬೇಕು, ಬೀಳುವುದಕ್ಕಿಂತ ಅದು ವಾಸಿ. ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್‌ಗಳಿಗೆ ಮನೆಗೆಲಸಕ್ಕೆ ಹೋಗುವ ಸಹೋದರಿಯರು ದಿನಕ್ಕೆ ಹತ್ತಾರು ಸಲ ಲಿಫ್ಟ್‌ನ ಗುಂಡಿ ಒತ್ತುತ್ತಾರೆ. ಎಟಿಎಂ ಕೀಲಿಗಳು, ಸೂಪರ್ ಮಾರ್ಕೆಟ್‌ನ ತಳ್ಳುಗಾಡಿ ಎಲ್ಲವೂ ಇದೇ ಸಾಲಿನವು. ಇವನ್ನು ಮುಟ್ಟಲೇಬಾರದು ಎಂದರೆ ಬದುಕು ನಡೆಯುವುದಿಲ್ಲ. ಮುಟ್ಟಿ, ಆದರೆ ಕೈ ತೊಳೆಯುವವರೆಗೆ ಮುಖದ ಕಡೆ ಒಯ್ಯಬೇಡಿ. ಕಣ್ಣು ತುರಿಸಿದರೆ ತೋಳಿನ ಮೇಲ್ಭಾಗದ ಬಟ್ಟೆಯಿಂದ ಒತ್ತಿಕೊಳ್ಳಿ.

ಬಸ್ಸಿನ ಟಿಕೆಟ್ ಬಗ್ಗೆ ಮಾತ್ರ ಬೇರೆಯಾಗಿ ಹೇಳಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಮಹಿಳೆಯರಿಗೆ ಶೂನ್ಯ ಟಿಕೆಟ್ ಸಿಗುತ್ತಿದೆ. ಟಿಕೆಟ್ಟನ್ನಾಗಲಿ ನೋಟನ್ನಾಗಲಿ ಬಿಡಿಸಲು ನಾಲಿಗೆಗೆ ಬೆರಳು ಮುಟ್ಟಿಸುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಕಂಡಕ್ಟರ್‌ಗಳಿಗೆ ಮಾತ್ರವಲ್ಲ, ದಿನಸಿ ಅಂಗಡಿಯವರಿಗೂ ಇದೆ. ಅವರ ಬೆರಳನ್ನು ನಾವು ತಡೆಯಲಾರೆವು. ಆದರೆ ಅಮ್ಮಂದಿರು ಅದೇ ಟಿಕೆಟ್ಟನ್ನು ಅಳುವ ಮಗುವಿನ ಕೈಗೆ ಆಟಕ್ಕೆ ಕೊಡುತ್ತಾರೆ, ಮಗು ನೇರ ಬಾಯಿಗೆ ಹಾಕುತ್ತದೆ. ದಯವಿಟ್ಟು ಟಿಕೆಟ್ಟು ಪರ್ಸಿನೊಳಗೇ ಇರಲಿ. ಮಗುವಿಗೆ ಮನೆಯಿಂದಲೇ ತೊಳೆದ ಆಟಿಕೆ ತನ್ನಿ.

ಹಾಗೆಂದು 2020ರ ಭಯಕ್ಕೆ ಹಿಂದಿರುಗಬೇಕಿಲ್ಲ. ಆಗ ತರಕಾರಿಯನ್ನು ಸೋಪಿನ ನೀರಿನಲ್ಲಿ ತೊಳೆದವರಿದ್ದರು, ನೋಟುಗಳನ್ನು ಇಸ್ತ್ರಿ ಮಾಡಿದವರಿದ್ದರು. ಕೊರೊನಾ ಮುಖ್ಯವಾಗಿ ಗಾಳಿಯಿಂದ ಹರಡುತ್ತದೆಂದು ಆಮೇಲೆ ಸ್ಪಷ್ಟವಾಯಿತು. ಸೋಂಕಿತ ವಸ್ತುವನ್ನು ಒಮ್ಮೆ ಮುಟ್ಟಿದರೆ ರೋಗ ಬರುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ 2021ರ ಏಪ್ರಿಲ್‌ನಲ್ಲಿ ಹೇಳಿತು. ಆದರೆ ಕೆಂಗಣ್ಣು, ವಾಂತಿ-ಭೇದಿ, ಆಮಶಂಕೆಗಳ ಲೆಕ್ಕ ಬೇರೆ. ಅವುಗಳಲ್ಲಿ ಕೈಯದೇ ದೊಡ್ಡ ಪಾತ್ರ.

“ದಿನಕ್ಕೆ ಐದು ಸಲ ವುಝೂ ಮಾಡುತ್ತೇವಲ್ಲ, ಇನ್ನೇನು ಬೇಕು?” ಎಂದು ಹಲವರು ಕೇಳುತ್ತಾರೆ. ವುಝೂ ದೊಡ್ಡ ಅನುಗ್ರಹವೇ. ಆದರೆ ನೀರು ಮಾತ್ರ ಹರಿಸಿದರೆ ಜಿಡ್ಡು ಹೋಗುವುದಿಲ್ಲ, ಜಿಡ್ಡಿನಲ್ಲಿ ಸಿಕ್ಕಿಕೊಂಡ ರೋಗಾಣುವೂ ಪೂರ್ತಿ ಹೋಗುವುದಿಲ್ಲ. ಬಸ್ಸಿನಿಂದ ಇಳಿದು ನೇರ ಝುಹರ್‌ಗೆ ಬಂದವರು ಬಾಯಿ ಮುಕ್ಕಳಿಸುವುದು, ಮೂಗಿಗೆ ನೀರೆಳೆಯುವುದು, ಮುಖ ತೊಳೆಯುವುದು ಎಲ್ಲವೂ ಅದೇ ಕೈಯಿಂದ. ಆದ್ದರಿಂದ ವುಝೂಗೆ ಕೂರುವ ಮೊದಲು ಸೋಪಿನಿಂದ ಕೈ ತೊಳೆಯಿರಿ. ಮಸೀದಿ ಕಮಿಟಿಯವರಲ್ಲಿ ನನ್ನದೊಂದು ವಿನಂತಿ: ನಲ್ಲಿಗಳ ಬಳಿ ಸೋಪು ಇಡಿ, ಎಲ್ಲರೂ ಮುಖ ಒರೆಸುವ ಆ ಒಂದು ಟವೆಲ್ಲನ್ನು ಇಂದೇ ತೆಗೆಯಿರಿ. ಕುಡಿಯುವ ನೀರಿನ ಡ್ರಮ್ಮಿಗೆ ಸರಪಳಿ ಹಾಕಿದ ಲೋಟವಿದ್ದರೆ ಅದಕ್ಕೂ ಇದೇ ಮಾತು.

ನೀರಿನ ಕೊರತೆಯೂ ನಿಜ. 2024ರ ಬೇಸಿಗೆಯಲ್ಲಿ ವೈಟ್‌ಫೀಲ್ಡ್ ಕಡೆಯವರು ಟ್ಯಾಂಕರ್‌ಗೆ ಕಾದದ್ದನ್ನು ಮರೆತಿಲ್ಲ. ಕೈ ಒದ್ದೆ ಮಾಡಿ ನಲ್ಲಿ ನಿಲ್ಲಿಸಿ, 20 ಸೆಕೆಂಡ್ ಸೋಪು ಉಜ್ಜಿ, ಬೆರಳ ಸಂದು ಮತ್ತು ಹೆಬ್ಬೆರಳನ್ನು ಮರೆಯದೆ. ಆಮೇಲೆ ಅರ್ಧ ಚೊಂಬು ನೀರು ಸಾಕು.

ಪೀಣ್ಯದ ಕೆಲಸಗಾರರಿಗೆ ಇನ್ನೊಂದು ತೊಂದರೆಯಿದೆ. ಗ್ರೀಸು, ಕಟಿಂಗ್ ಆಯಿಲ್ ಮೆತ್ತಿದ ಕೈಗೆ ಸ್ಯಾನಿಟೈಸರ್ ಹಚ್ಚಿ ಪ್ರಯೋಜನವಿಲ್ಲ. ಥಿನ್ನರ್, ಸೀಮೆಎಣ್ಣೆ, ಬಟ್ಟೆ ಸೋಪಿನ ಪುಡಿ ಹಾಕಿ ಉಜ್ಜಿದರೆ ಜಿಡ್ಡು ಹೋಗುತ್ತದೆ, ಜೊತೆಗೆ ಚರ್ಮವೂ ಬಿರಿಯುತ್ತದೆ. ಬಿರಿದ ಚರ್ಮವೇ ರೋಗಾಣುಗಳಿಗೆ ತೆರೆದ ಬಾಗಿಲು. ಮೊದಲು ಸ್ವಲ್ಪ ಅಡುಗೆ ಎಣ್ಣೆ ಹಚ್ಚಿ ಹಳೆಯ ಬಟ್ಟೆಯಿಂದ ಒರೆಸಿ, ನಂತರ ಮೈಸೋಪಿನಿಂದ ತೊಳೆಯಿರಿ. ಬಿರುಕಿಗೆ ಜೇನುಮೇಣ ಮತ್ತು ಎಣ್ಣೆ ಕಾಯಿಸಿ ಮಾಡುವ ಕೈರೂತಿ ಒಳ್ಳೆಯದು. ಇಶಾ ನಮಾಝ್ ಆದ ಮೇಲೆ ಹಚ್ಚಿ, ಬೆಳಿಗ್ಗೆ ಫಜ್ರ್‌ನ ವುಝೂಗೆ ಮುನ್ನ ಸೋಪಿನಿಂದ ತೆಗೆಯಿರಿ. ಮೇಣದ ಪದರವಿದ್ದರೆ ನೀರು ಚರ್ಮಕ್ಕೆ ತಾಗುವುದಿಲ್ಲ.

ಸ್ಯಾನಿಟೈಸರ್ ದಾರಿಯಲ್ಲಿ ಸೋಪು ಸಿಗದಾಗ ಮಾತ್ರ. ಅದರಲ್ಲಿ ಕನಿಷ್ಠ 60 ಶೇಕಡಾ ಆಲ್ಕೋಹಾಲ್ ಇರಬೇಕು. ವಾಂತಿ-ಭೇದಿ ತರುವ ಕೆಲವು ವೈರಸ್‌ಗಳ ಮೇಲೆ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆಲ್ಕೋಹಾಲ್ ಬಗ್ಗೆ ಸಂಶಯವಿರುವವರು ತಮ್ಮ ಮಸೀದಿಯ ಇಮಾಮರನ್ನು ಕೇಳಲಿ, ಇಲ್ಲವೇ ಕಿಸೆಯಲ್ಲಿ ಸಣ್ಣ ಪೇಪರ್ ಸೋಪು ಇಟ್ಟುಕೊಳ್ಳಲಿ. ಹೊರಗಿನಿಂದ ಬಂದು ಕೈ ತೊಳೆದವರು ಅದೇ ಮೊಬೈಲ್ ಹಿಡಿದು ಊಟಕ್ಕೆ ಕೂರುವುದನ್ನು ನೋಡುತ್ತೇನೆ. ಆ ಮೊಬೈಲ್ ಎಲ್ಲೆಲ್ಲಿ ಸುತ್ತಿ ಬಂದಿದೆ!

ಮನೆಯಲ್ಲಿ ಒಬ್ಬರಿಗೆ ಕಣ್ಣು ಬಂದರೆ ಆ ಕ್ಷಣದಿಂದ ಅವರ ಟವೆಲ್, ದಿಂಬಿನ ಕವರ್, ಸುರ್ಮಾ ಕಡ್ಡಿ ಬೇರೆ ಇರಲಿ. ಒಂದೇ ಕೋಣೆಯ ಮನೆಯಲ್ಲಿ ಬೇರೆ ಹಾಸಿಗೆ ಕಷ್ಟ, ಬೇರೆ ಟವೆಲ್ ಕಷ್ಟವಲ್ಲ. ಗುಲಾಬ್ ಜಲ, ಜೇನು, ಎದೆಹಾಲು ಯಾವುದನ್ನೂ ಕಣ್ಣಿಗೆ ಹಾಕಬೇಡಿ, ಯುನಾನಿ ವೈದ್ಯನಾದ ನಾನೇ ಹೇಳುತ್ತಿದ್ದೇನೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಹನಿಗಳು ಇನ್ನೂ ಅಪಾಯ. ತೀವ್ರ ನೋವಿದ್ದರೆ, ದೃಷ್ಟಿ ಮಂಜಾದರೆ, ಬೆಳಕು ಚುಚ್ಚಿದರೆ, ಅಥವಾ ರೋಗಿ ನವಜಾತ ಶಿಶುವಾಗಿದ್ದರೆ ನನ್ನಂಥವರ ಬಳಿ ಬರದೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಿ.